ಗಾಳಕ್ಕೆ ಬಿದ್ದದ್ದು ಯಾವ ಮೀನು? ಬಣ್ಣ ಬಿಡಿ, ಹೊಟ್ಟೆ ತಿರುಗಿಸಿ ನೋಡಿ

ಪಣಂಬೂರು ಕಡೆಯ ಕಲ್ಲುಗಳ ಮೇಲೋ, ಮಲ್ಪೆ, ಗಂಗೊಳ್ಳಿಯ ಅಳಿವೆ ಬಾಗಿಲಲ್ಲೋ ಹವ್ಯಾಸಕ್ಕೆ ಗಾಳ ಹಾಕಿ ಕೂರುವವರಿಗೆ ಯಾವಾಗಲಾದರೂ ಒಮ್ಮೆ ಇಂಥದ್ದು ಆಗಿಯೇ ಆಗುತ್ತದೆ. ರಾಡ್ ಬಾಗುತ್ತದೆ, ಖುಷಿಯಿಂದ ರೀಲ್ ಸುತ್ತಿ ಎಳೆದರೆ ಅಕ್ಕಪಕ್ಕದವರು ಯಾರೂ ನೋಡಿರದ ಮೀನು ಮೇಲೆ ಬರುತ್ತದೆ. ನಾಲ್ಕು ಜನ ಸೇರುತ್ತಾರೆ, ಐದು ಹೆಸರು ಹುಟ್ಟುತ್ತದೆ. ಯಾರೋ ಫೋನ್ ತೆಗೆದು ಆ್ಯಪ್‌ಗೆ ತೋರಿಸಿದರೆ ಅದು ಒಂದು ಕ್ಷಣವೂ ಯೋಚಿಸದೆ ಅಮೆರಿಕದ ಯಾವುದೋ ಮೀನಿನ ಹೆಸರು ಹೇಳುತ್ತದೆ. ಕೊನೆಗೆ ಅಲ್ಲಿ ಜೋರಾಗಿ ಮಾತಾಡುವವರು ಹೇಳಿದ್ದೇ ಹೆಸರು.

ಇದಕ್ಕಿಂತ ಒಳ್ಳೆಯ ದಾರಿ ಇದೆ, ಕಷ್ಟದ್ದೇನೂ ಅಲ್ಲ. ಮೀನಿನ ಮೈಮೇಲೆ ಬದಲಾಗುವ ಗುರುತುಗಳೂ ಇರುತ್ತವೆ, ಬದಲಾಗದ ಗುರುತುಗಳೂ ಇರುತ್ತವೆ. ನಾವು ಮೊದಲು ನೋಡುವುದು ಬದಲಾಗುವುದನ್ನೇ, ಅಂದರೆ ಬಣ್ಣ ಮತ್ತು ಗಾತ್ರ. ಎಡವಟ್ಟು ಶುರುವಾಗುವುದೇ ಅಲ್ಲಿ.

ಬಣ್ಣವನ್ನೇ ತೆಗೆದುಕೊಳ್ಳಿ. ಆಳ ನೀರಿನಲ್ಲಿ ಲೂರ್, ಅಂದರೆ ಕೃತಕ ಎರೆ, ಎಳೆಯುವವರಿಗೆ ಮಾಹಿ ಮಾಹಿ ಸಿಗುತ್ತದಲ್ಲ, ಅದು ನೀರಿನಿಂದ ಬರುವಾಗ ಹಸಿರು, ಹಳದಿ, ನೀಲಿ ಎಲ್ಲ ಸೇರಿ ಹೊಳೆಯುತ್ತಿರುತ್ತದೆ. ಸ್ವಲ್ಪ ಹೊತ್ತಿಗೆ ಸತ್ತು ಬೂದಿ ಬಣ್ಣಕ್ಕೆ ತಿರುಗುತ್ತದೆ. ದೋಣಿಯಲ್ಲಿ ತೆಗೆದ ಫೋಟೋ, ಮನೆಯಲ್ಲಿ ತೆಗೆದ ಫೋಟೋ ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಮೀನು ಅಂತ ಯಾರೂ ನಂಬುವುದಿಲ್ಲ. ಮುರು ಮೀನುಗಳು (ಗ್ರೂಪರ್) ಹೆದರಿದಾಗ ಒಂದು ಬಣ್ಣ, ಕಲ್ಲಿನ ಸಂದಿಯಲ್ಲಿದ್ದಾಗ ಇನ್ನೊಂದು ಬಣ್ಣ. ಪ್ಯಾರಟ್‌ಫಿಶ್‌ಗಳಲ್ಲಂತೂ ಹೆಣ್ಣು ಬೆಳೆದು ಗಂಡಾಗುವುದುಂಟು, ಆಗ ಮೈಬಣ್ಣವೇ ಪೂರ್ತಿ ಬೇರೆಯಾಗುತ್ತದೆ. ಹಿಂದಿನವರು ಇವೆರಡನ್ನೂ ಬೇರೆ ಬೇರೆ ಜಾತಿ ಅಂತಲೇ ಎಣಿಸಿದ್ದರು.

ಮರಿಗಳದ್ದು ಇನ್ನೊಂದು ಕಥೆ. ಹಳದಿ ಮೈಗೆ ಕಪ್ಪು ಪಟ್ಟಿಗಳಿರುವ, ಅಕ್ವೇರಿಯಂನಿಂದ ತಪ್ಪಿಸಿಕೊಂಡು ಬಂದಂತೆ ಕಾಣುವ ಪುಟ್ಟ ಮೀನೊಂದು ಕೆಲವೊಮ್ಮೆ ದಡದ ಹತ್ತಿರವೇ ಸಿಗುತ್ತದೆ. ಅದು ಗೋಲ್ಡನ್ ಟ್ರೆವಲಿಯ ಮರಿ. ದೊಡ್ಡದಾದ ಮೇಲೆ ಪಟ್ಟಿ ಮಾಸಿ ಬೆಳ್ಳಿ ಬಣ್ಣ ಬಂದು, ಪಕ್ಕದಲ್ಲಿ ಅಲ್ಲಲ್ಲಿ ನಾಲ್ಕು ಕಪ್ಪು ಚುಕ್ಕೆ ಉಳಿಯುತ್ತದೆ ಅಷ್ಟೇ. ಟ್ರಿಪಲ್‌ಟೇಲ್ ಅನ್ನುವ ಮೀನಿನ ಮರಿ ನೀರಿನ ಮೇಲೆ ಅಡ್ಡ ಮಲಗಿ ಒಣ ಎಲೆಯ ವೇಷ ಹಾಕುತ್ತದೆ. ದೊಡ್ಡದರಲ್ಲಿ ಬೆನ್ನಿನ ರೆಕ್ಕೆ, ಕೆಳಗಿನ ರೆಕ್ಕೆ ಎರಡೂ ಹಿಂದಕ್ಕೆ ಚಾಚಿಕೊಂಡು ಬಾಲದ ಜೊತೆ ಸೇರಿ ಮೂರು ಬಾಲ ಇದ್ದ ಹಾಗೆ ಕಾಣುತ್ತದೆ. ಮೊದಲ ಸಲ ನೋಡಿದವರು ಇದನ್ನು ಹೊಸ ಜಾತಿ ಅಂದುಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಪ್ರಪಂಚದ ಬೆಚ್ಚಗಿನ ಸಮುದ್ರಗಳಲ್ಲೆಲ್ಲ ಇರುವ ಮೀನು ಅದು.

ಅಂದರೆ 'ಅಪರೂಪ' ಅಂತ ನಮಗೆ ಅನಿಸುವ ಹೆಚ್ಚಿನ ಮೀನುಗಳು ಅಪರೂಪವೇ ಅಲ್ಲ. ಒಂದೋ ಅವು ಗೊತ್ತಿರುವ ಮೀನಿನ ಮರಿ, ಇಲ್ಲವೇ ಆಳದಲ್ಲಿ ಇರುವಂಥದ್ದು ದಡಕ್ಕೆ ಬಂದಿರುತ್ತದೆ, ಇಲ್ಲವೇ ಮಾರ್ಕೆಟ್ಟಿಗೆ ಬರುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ನಾವು ನೋಡಿರುವುದಿಲ್ಲ. ಮಳೆಗಾಲದಲ್ಲಿ ನದಿ ಉಕ್ಕಿದಾಗ ಸಾಕಣೆ ಹೊಂಡದಿಂದ ತಪ್ಪಿಸಿಕೊಂಡ ರೂಪ್‌ಚಂದ್ ಅಳಿವೆಯ ಹತ್ತಿರ ಗಾಳ ಕಚ್ಚಬಹುದು. ತಕ್ಷಣ 'ಪಿರಾನಾ ಬಂತು' ಅಂತ ಗಲಾಟೆ ಏಳುತ್ತದೆ. ತುಟಿ ಎತ್ತಿ ಹಲ್ಲು ನೋಡಿದರೆ ಸಾಕು. ಪಿರಾನಾಕ್ಕೆ ಚೂಪಾದ ತ್ರಿಕೋನದ ಹಲ್ಲು, ರೂಪ್‌ಚಂದ್‌ಗೆ ನಮ್ಮ ದವಡೆ ಹಲ್ಲಿನಂಥ ಚಪ್ಪಟೆ ಹಲ್ಲು.

ಹಾಗಾದರೆ ಬದಲಾಗದ ಗುರುತುಗಳು ಯಾವುವು? ಮೊದಲನೆಯದು ಬೆನ್ನಿನ ರೆಕ್ಕೆ. ಎಷ್ಟು ರೆಕ್ಕೆ ಇದೆ, ಅದರಲ್ಲಿ ಗಟ್ಟಿ ಮುಳ್ಳು ಎಷ್ಟು, ಬಾಗುವ ಮೆತ್ತನೆಯ ಕಡ್ಡಿ ಎಷ್ಟು ಅಂತ ಎಣಿಸಬೇಕು. ಮೀನಿನ ಪುಸ್ತಕಗಳಲ್ಲಿ ರೋಮನ್ ಅಂಕಿ, ಸಾಮಾನ್ಯ ಅಂಕಿ ಬೆರೆಸಿ ಏನೋ ಬೀಜಗಣಿತದ ಹಾಗೆ ಬರೆದಿರುತ್ತಾರಲ್ಲ, ಅದರಲ್ಲಿ ಹೆದರುವಂಥದ್ದು ಏನೂ ಇಲ್ಲ. ರೋಮನ್ ಅಂಕಿ ಗಟ್ಟಿ ಮುಳ್ಳಿನ ಲೆಕ್ಕ, ಮಾಮೂಲಿ ಅಂಕಿ ಮೆತ್ತನೆಯ ಕಡ್ಡಿಯ ಲೆಕ್ಕ. ಮೀನು ಒಂದು ಗೇಣಿದ್ದರೂ ಒಂದು ಮಾರಿದ್ದರೂ ಈ ಲೆಕ್ಕ ಹೆಚ್ಚುಕಡಿಮೆ ಅದೇ. ಕೋಬಿಯಾ ನೀರಿನಲ್ಲಿ ಬರುವಾಗ ಮೇಲಿನಿಂದ ಥೇಟ್ ಶಾರ್ಕ್ ಮರಿ. ದಡಕ್ಕೆ ತಂದ ಮೇಲೆ ಕೆಲವರು ಅದನ್ನು ಶಾರ್ಕಿಗೆ ಅಂಟಿಕೊಳ್ಳುವ ರೆಮೋರಾ ಅನ್ನುತ್ತಾರೆ. ಬೆನ್ನ ಮೇಲೆ ಕೈಯಾಡಿಸಿ ನೋಡಿ. ಪೊರೆಯಿಂದ ಸೇರಿಕೊಳ್ಳದ, ಬಿಡಿಬಿಡಿಯಾದ ಏಳರಿಂದ ಒಂಬತ್ತು ಗಿಡ್ಡ ಮುಳ್ಳುಗಳು ಸಿಕ್ಕಿದರೆ ಅದು ಕೋಬಿಯಾ. ರೆಮೋರಾದಲ್ಲಿ ಮೊದಲ ಬೆನ್ನ ರೆಕ್ಕೆಯೇ ಬದಲಾಗಿ ತಲೆಯ ಮೇಲೆ ಅಂಟುವ ತಟ್ಟೆ ಆಗಿರುತ್ತದೆ.

ಮಲ್ಪೆ ಕಡೆ ಎಲ್ಲರೂ 'ಕಾರ್ಗಿಲ್' ಅನ್ನುವ ಮೀನು ಇದೆಯಲ್ಲ, ಆ ಯುದ್ಧದ ಹೊತ್ತಿಗೆ ಬಲೆಗೆ ಬೀಳಲು ಶುರುವಾಯಿತು ಅಂತ ಜನ ಹೇಳುತ್ತಾರೆ. ಅದು ಟ್ರಿಗರ್‌ಫಿಶ್. ಕಡು ನೀಲಿ ಮೈ, ಕೆಂಪು ಹಲ್ಲು. ಅದರ ಬೆನ್ನಿನ ಮೊದಲ ಮುಳ್ಳು ಎದ್ದು ನಿಂತರೆ ಎಷ್ಟು ಒತ್ತಿದರೂ ಮಲಗುವುದಿಲ್ಲ. ಹಿಂದಿರುವ ಚಿಕ್ಕ ಮುಳ್ಳನ್ನು ಒತ್ತಿ, ಮುಂದಿನದು ಟಪ್ ಅಂತ ಮಲಗುತ್ತದೆ. ಇಂಗ್ಲಿಷಿನವರು ಬಂದೂಕಿನ ಕುದುರೆಯ ಹೆಸರಿಟ್ಟದ್ದು ಸುಮ್ನೆ ಅಲ್ಲ.

ಎರಡನೆಯದು ಪಕ್ಕದ ಗೆರೆ. ಕಿವಿರಿನ ಹಿಂದಿನಿಂದ ಬಾಲದವರೆಗೆ ಸಣ್ಣ ತೂತುಗಳ ಒಂದು ಗೆರೆ ಹೋಗುತ್ತದೆ. ನೀರಿನ ಅಲುಗಾಟ ಮೀನಿಗೆ ಗೊತ್ತಾಗುವುದು ಇದರಿಂದ. ಈ ಗೆರೆ ಎಲ್ಲಿ ನೇರ, ಎಲ್ಲಿ ಬಾಗು ಅನ್ನುವುದು ಜಾತಿಯಿಂದ ಜಾತಿಗೆ ಬೇರೆ. ಅಂಜಲ್ ಹಿಡಿಯುವವರು ಇದನ್ನು ಕಲಿಯಲೇಬೇಕು, ಯಾಕೆಂದರೆ ನಾವು ಅಂಜಲ್ ಅಂತ ಒಂದೇ ಉಸಿರಿನಲ್ಲಿ ಕರೆಯುವುದರಲ್ಲಿ ಎರಡು ಮೂರು ಜಾತಿ ಇವೆ. ಮೈತುಂಬ ಅಡ್ಡಾದಿಡ್ಡಿ ನಿಂತ ಪಟ್ಟಿಗಳಿದ್ದು, ಪಕ್ಕದ ಗೆರೆ ಎರಡನೇ ಬೆನ್ನ ರೆಕ್ಕೆ ಮುಗಿಯುವ ಹತ್ತಿರ ದಢಕ್ಕನೆ ಕೆಳಗಿಳಿದರೆ ಅದು ದೊಡ್ಡದಾಗಿ ಬೆಳೆಯುವ ಅಂಜಲ್. ಪಟ್ಟಿಯ ಬದಲು ಚುಕ್ಕೆಗಳಿದ್ದು ಗೆರೆ ನಿಧಾನವಾಗಿ ಇಳಿದರೆ ಚುಕ್ಕೆ ಅಂಜಲ್. ಇವೆರಡರ ನಡುವೆ ಆಗಾಗ ನುಸುಳುವುದು ವಾಹೂ. ನೇತ್ರಾಣಿ ದ್ವೀಪದ ಆಚೆ ಟ್ರೋಲಿಂಗ್ ಮಾಡುವವರಿಗೆ, ಅಂದರೆ ಓಡುವ ದೋಣಿಯ ಹಿಂದೆ ಗಾಳ ಎಳೆಯುವವರಿಗೆ, ಸಿಕ್ಕಿದರೆ 'ಉದ್ದ ಮೂತಿಯ ಅಂಜಲ್' ಅಂತ ಕಡಾಯಿಗೆ ಹೋಗಿಬಿಡುತ್ತದೆ. ವಾಹೂನಲ್ಲಿ ಪಕ್ಕದ ಗೆರೆ ಬಹಳ ಮುಂಚೆ, ಮೊದಲ ಬೆನ್ನ ರೆಕ್ಕೆಯ ನಡುಭಾಗದ ಕೆಳಗೇ ಇಳಿಯುತ್ತದೆ. ಬೆನ್ನಿನ ಮುಳ್ಳು ಎಣಿಸಿದರಂತೂ ಅನುಮಾನವೇ ಉಳಿಯುವುದಿಲ್ಲ, ಅಂಜಲ್‌ಗೆ 15ರಿಂದ 18, ವಾಹೂಗೆ 23ರಿಂದ 27. ಇನ್ನೂ ಖಾತರಿ ಬೇಕಾದರೆ ಕಿವಿರು ಎತ್ತಿ ನೋಡಿ. ಕಿವಿರಿನ ಕಮಾನಿನ ಒಳಬದಿಯಲ್ಲಿ ಹಣಿಗೆಯ ಹಲ್ಲಿನಂತೆ ಇರುವ ಸಣ್ಣ ಕಡ್ಡಿಗಳು ವಾಹೂಗೆ ಇರುವುದೇ ಇಲ್ಲ.

ಮೂರನೆಯದು ಹೊಟ್ಟೆ. ಇದನ್ನು ಯಾರೂ ನೋಡುವುದಿಲ್ಲ, ಫೋಟೋದಲ್ಲಂತೂ ಇರುವುದೇ ಇಲ್ಲ. ಜಿ.ಟಿ. ಅಂತ ಗಾಳದವರು ಎದೆ ತಟ್ಟಿಕೊಂಡು ಹೇಳುವ ಜೈಂಟ್ ಟ್ರೆವಲಿಯನ್ನು ಅದರ ದಾಯಾದಿಗಳಿಂದ ಬೇರೆ ಮಾಡುವ ಗುರುತು ಇರುವುದು ಎದೆಯ ಕೆಳಗೆ. ಅಲ್ಲಿ ಹುರುಪೆ ಇರುವುದಿಲ್ಲ, ಆದರೆ ಆ ಬೋಳು ಜಾಗದ ನಡುವೆ, ಹೊಟ್ಟೆಯ ರೆಕ್ಕೆಗಳ ಸ್ವಲ್ಪ ಮುಂದೆ, ಹುರುಪೆಯ ಒಂದು ಚಿಕ್ಕ ತೇಪೆ ಇರುತ್ತದೆ. ಅದರ ನೆಂಟ ಬಿಗ್‌ಐ ಟ್ರೆವಲಿಗೆ ಎರಡನೇ ಬೆನ್ನ ರೆಕ್ಕೆಯ ತುದಿ ಬಿಳಿ, ಕಿವಿರಿನ ಮುಚ್ಚಳದ ಮೇಲ್ತುದಿಯಲ್ಲಿ ಒಂದು ಪುಟ್ಟ ಕಪ್ಪು ಚುಕ್ಕೆ. ಅರ್ಧ ಕಿಲೋದ ಮರಿಗಳನ್ನು ಕೈಯಲ್ಲಿ ಹಿಡಿದು 'ಜಿ.ಟಿ.' ಅನ್ನುವವರಲ್ಲಿ ಎಷ್ಟು ಜನ ಇದನ್ನು ನೋಡಿದ್ದಾರೋ, ನನಗಂತೂ ಅನುಮಾನ.

ಶಾರ್ಕೋ ತೊರಕೆಯ ಬಳಗವೋ ಅನ್ನುವ ಗೊಂದಲಕ್ಕೂ ಉತ್ತರ ಹೊಟ್ಟೆಯಲ್ಲೇ ಇದೆ. ಗಿಟಾರ್‌ಫಿಶ್ ಹಿಂದಿನಿಂದ ನೋಡಿದರೆ ಶಾರ್ಕ್, ಮುಂದಿನಿಂದ ನೋಡಿದರೆ ತೊರಕೆ. ಕಿವಿರಿನ ಸೀಳುಗಳು ತಲೆಯ ಪಕ್ಕದಲ್ಲಿದ್ದರೆ ಶಾರ್ಕ್, ಕೆಳಬದಿಯಲ್ಲಿದ್ದರೆ ತೊರಕೆಯ ಬಳಗ. ಉದ್ದ ಗರಗಸದ ಮೂತಿ ಇರುವ ಗರಗಸ ಮೀನಿನ ಸೀಳುಗಳೂ ಕೆಳಗೇ ಇವೆ. ಆಕಾರದಲ್ಲಿ ಶಾರ್ಕಿನಂತೆ ಇದ್ದರೂ ಅದು ತೊರಕೆಯ ಸಂಬಂಧಿ.

ಇಷ್ಟೆಲ್ಲ ಯಾಕೆ, ಹೆಸರು ಗೊತ್ತಾಗದಿದ್ದರೆ ಏನಾಯಿತು, ರುಚಿ ಇದ್ದರೆ ಸಾಕಲ್ವಾ ಅನ್ನುವವರಿಗೆ ಮಂಗಳೂರಿನದ್ದೇ ಒಂದು ಉದಾಹರಣೆ ಇದೆ. ಸುಮಾರು ಹತ್ತು ವರ್ಷದ ಹಿಂದೆ ಅಲ್ಲಿ ಕೆಂಪು ಸ್ನ್ಯಾಪರ್ ಮೀನಿನ ತಲೆ ತಿಂದ ತುಂಬಾ ಜನ ಒಟ್ಟಿಗೆ ಆಸ್ಪತ್ರೆ ಸೇರಿದರು. ವಾಂತಿ, ಭೇದಿ, ಮೈ ಜುಮ್ಮೆನ್ನುವುದು, ನಿಶ್ಶಕ್ತಿ. ಮೀನು ಹಳಸಿರಲಿಲ್ಲ. ಅದು ಸಿಗ್ವಾಟೆರಾ ಅನ್ನುವ ವಿಷ. ಹವಳದ ದಿಬ್ಬಗಳಲ್ಲಿ ಪಾಚಿಗೆ ಅಂಟಿಕೊಂಡು ಬದುಕುವ ಗ್ಯಾಂಬಿಯರ್‌ಡಿಸ್ಕಸ್ ಅನ್ನುವ ಸೂಕ್ಷ್ಮ ಜೀವಿ ಇದನ್ನು ತಯಾರಿಸುತ್ತದೆ. ಪಾಚಿ ತಿನ್ನುವ ಸಣ್ಣ ಮೀನು ಅದನ್ನು ನುಂಗುತ್ತದೆ, ಆ ಸಣ್ಣ ಮೀನನ್ನು ದೊಡ್ಡ ಮೀನು ತಿನ್ನುತ್ತದೆ. ಹೀಗೆ ಮೇಲೆ ಹೋದಂತೆಲ್ಲ ವಿಷ ಜಮೆಯಾಗುತ್ತಾ ಹೋಗುತ್ತದೆ. ದೊಡ್ಡ, ಹಳೆಯ, ಬೇಟೆಯಾಡುವ ಮೀನುಗಳಲ್ಲಿ ಜಾಸ್ತಿ. ತಲೆ, ಪಿತ್ತಜನಕಾಂಗ (ಲಿವರ್), ಮೊಟ್ಟೆಯಲ್ಲಿ ಇನ್ನೂ ಜಾಸ್ತಿ. ವಾಸನೆ ಇಲ್ಲ, ರುಚಿಯಲ್ಲಿ ವ್ಯತ್ಯಾಸ ಇಲ್ಲ, ಕುದಿಸಿದರೂ ಹುರಿದರೂ ಐಸಿನಲ್ಲಿಟ್ಟರೂ ಹೋಗುವುದಿಲ್ಲ. ತಿಂದ ಕೆಲವರಿಗೆ ತಣ್ಣೀರು ಮುಟ್ಟಿದರೆ ಸುಡುವಂತೆ ಅನಿಸುತ್ತದೆ, ಈ ರೋಗದ ವಿಚಿತ್ರ ಲಕ್ಷಣ ಅದು.

ಮಂಗಳೂರಿನ ಆ ಪ್ರಕರಣದಲ್ಲಿ ಹೆಸರು ಕೇಳಿಬಂದದ್ದು ಲುಟ್ಜಾನಸ್ ಬೋಹಾರ್ ಅನ್ನುವ ಜಾತಿ. ಹವಳದ ದಿಬ್ಬದ ಮೀನು. ನಮ್ಮ ಅಳಿವೆಗಳಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ನಡುವೆ ಬೆಳೆಯುವ, ನಾವೆಲ್ಲ ಆಸೆಪಟ್ಟು ತಿನ್ನುವ ಕೆಂಪು ಸ್ನ್ಯಾಪರ್ ಬೇರೆ ಜಾತಿ, ಅದರ ಹೆಸರು ಲುಟ್ಜಾನಸ್ ಅರ್ಜೆಂಟಿಮ್ಯಾಕುಲೇಟಸ್. ಎರಡೂ ಕೆಂಪು, ಎರಡಕ್ಕೂ ಕೋರೆ ಹಲ್ಲು, ಎರಡೂ ದೊಡ್ಡದಾಗುತ್ತವೆ. ತಲೆ ಕತ್ತರಿಸಿ ರಾಶಿ ಹಾಕಿದರೆ ದೂರದಿಂದ ಬೇರೆ ಮಾಡುವುದು ಕಷ್ಟ. ಆದರೆ ಹತ್ತಿರ ಹೋಗಿ ಮೂಗಿನ ತೂತಿನಿಂದ ಕಣ್ಣಿನ ಕಡೆಗೆ ಬೆರಳಾಡಿಸಿ. ಬೋಹಾರ್‌ಗೆ ಅಲ್ಲಿ ಆಳವಾದ ಒಂದು ತೋಡು ಇರುತ್ತದೆ, ಅಳಿವೆಯ ಸ್ನ್ಯಾಪರ್‌ಗೆ ಇರುವುದಿಲ್ಲ. ಬೋಹಾರ್ ಚಿಕ್ಕದಿರುವಾಗ ಬೆನ್ನಿನ ಮೇಲೆ ಎರಡು ಬಿಳಿ ಚುಕ್ಕೆ ಕಾಣುತ್ತವೆ, ದೊಡ್ಡದಾದರೆ ಅವು ಮಾಸಿಹೋಗುತ್ತವೆ. ಅಂದರೆ ಮೀನು ಹೆಚ್ಚು ಅಪಾಯಕಾರಿ ಆಗುವ ವಯಸ್ಸಿಗೆ ಬಣ್ಣದ ಗುರುತು ಅಳಿಸಿರುತ್ತದೆ, ಮೂಗಿನ ಬಳಿಯ ತೋಡು ಉಳಿದಿರುತ್ತದೆ. ಎಲ್ಲ ಬೋಹಾರ್‌ನಲ್ಲೂ ವಿಷ ಇರುತ್ತದೆ ಅಂತ ಅಲ್ಲ. ಅದು ಯಾವ ದಿಬ್ಬದಲ್ಲಿ ಬೆಳೆದಿದೆ ಅನ್ನುವುದರ ಮೇಲೆ ಹೋಗುತ್ತದೆ, ನಿಮ್ಮ ಮುಂದಿರುವ ಮೀನನ್ನು ನೋಡಿ ಅದನ್ನು ಹೇಳಲು ಆಗುವುದಿಲ್ಲ.

ಪಫರ್ ಮೀನಿನ ವಿಷಯದಲ್ಲಿ ಇಷ್ಟು ಸೂಕ್ಷ್ಮ ಬೇಡ. ಹೊಟ್ಟೆಯ ರೆಕ್ಕೆಗಳಿಲ್ಲ, ಬಾಯಲ್ಲಿ ಮೇಲೆ ಎರಡು ಕೆಳಗೆ ಎರಡು ಹಲ್ಲಿನ ಫಲಕ, ಕೊಕ್ಕಿನಂಥ ಬಾಯಿ, ಹೆದರಿದರೆ ಉಬ್ಬುತ್ತದೆ. ಮೈಮೇಲೆ ಮುಳ್ಳು ಎದ್ದು, ಮೇಲೊಂದು ಕೆಳಗೊಂದು ಫಲಕ ಮಾತ್ರ ಇದ್ದರೆ ಮುಳ್ಳುಹಂದಿ ಮೀನು, ಅಂದರೆ ಪೊರ್ಕ್ಯುಪೈನ್ ಫಿಶ್. ಎರಡನ್ನೂ ತಿನ್ನುವ ಯೋಚನೆ ಬೇಡ. ಪಫರ್‌ಗಳ ಪಿತ್ತಜನಕಾಂಗ, ಮೊಟ್ಟೆ, ಚರ್ಮದಲ್ಲಿ ಇರುವ ಟೆಟ್ರೊಡೊಟಾಕ್ಸಿನ್ ನರಗಳನ್ನು ನಿಲ್ಲಿಸುತ್ತದೆ. ಕೊನೆಗೆ ಉಸಿರಾಟ ನಿಲ್ಲುತ್ತದೆ, ಇದಕ್ಕೆ ಮದ್ದು ಇಲ್ಲ. ಜಪಾನಿನಲ್ಲಿ ತಿನ್ನುತ್ತಾರಲ್ಲ ಅಂತ ಒಬ್ಬರಾದರೂ ಹೇಳುತ್ತಾರೆ. ಅಲ್ಲಿ ಅದನ್ನು ಕೊಯ್ಯುವವರಿಗೆ ಪರೀಕ್ಷೆ, ಲೈಸೆನ್ಸ್ ಇದೆ ಸ್ವಾಮಿ.

ಮುಟ್ಟಿದರೇ ತೊಂದರೆ ಕೊಡುವವೂ ಇವೆ. ತೇಡೆ, ಅಂದರೆ ಸಮುದ್ರದ ಕ್ಯಾಟ್‌ಫಿಶ್, ಎಲ್ಲರಿಗೂ ಗೊತ್ತು, ಅದರ ಮುಳ್ಳು ಚುಚ್ಚಿದವರಿಗೆ ಇನ್ನೂ ಚೆನ್ನಾಗಿ ಗೊತ್ತು. ಅದರದ್ದೇ ಸಂಬಂಧಿ, ಕವಲೊಡೆದ ಬಾಲದ ಬದಲು ಹಾವುಮೀನಿನಂಥ ಚೂಪು ಬಾಲ ಇರುವ, ಬಾಯಿ ಸುತ್ತ ಎಂಟು ಮೀಸೆಯ ಮೀನು ಸಿಕ್ಕಿದರೆ ಇನ್ನೂ ಹುಷಾರು. ಅದು ಈಲ್‌ಟೇಲ್ ಕ್ಯಾಟ್‌ಫಿಶ್, ಬೆನ್ನಿನಲ್ಲಿ ಒಂದು, ಎರಡು ಪಕ್ಕದಲ್ಲಿ ಒಂದೊಂದು ವಿಷದ ಮುಳ್ಳು. ಲಯನ್‌ಫಿಶ್, ಕಲ್ಲಿನಂತೆ ಬಿದ್ದುಕೊಳ್ಳುವ ಸ್ಟೋನ್‌ಫಿಶ್, ತೊರಕೆಯ ಬಾಲದ ಮುಳ್ಳು ಇವೂ ಅದೇ ಪಟ್ಟಿಗೆ. ಗುರುತಿಲ್ಲದ ಮೀನನ್ನು ಇಕ್ಕಳದಿಂದ ಬಿಡಿಸಿ, ಬೇಡವಾದರೆ ದಾರ ಕತ್ತರಿಸಿ. ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಟ್ಟರೆ ನೋವು ಇಳಿಯುತ್ತದೆ. ನೀರಿನ ಬಿಸಿಯನ್ನು ಚುಚ್ಚದ ಕೈಯಲ್ಲಿ ನೋಡಿಕೊಳ್ಳಿ, ಯಾಕೆಂದರೆ ನೋವಿರುವ ಕೈಗೆ ಸುಟ್ಟದ್ದು ಗೊತ್ತಾಗದೇ ಹೋಗಬಹುದು. ಆಮೇಲೆ ಡಾಕ್ಟರ ಹತ್ತಿರ ಹೋಗಿ.

ಇನ್ನೊಂದು, ರಾತ್ರಿ ಗಾಳ ಹಾಕುವವರಿಗೆ. ಉದ್ದಕ್ಕೆ ಹಾವಿನಂತೆ ಏನಾದರೂ ಬಂದರೆ ಟಾರ್ಚ್ ಹಾಕಿ ಮೊದಲು ಬಾಲ ನೋಡಿ. ಬಾಲ ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿ, ಮೈಮೇಲೆ ಹಾವಿನ ಹುರುಪೆ ಇದ್ದು, ಕಿವಿರಿನ ತೂತಾಗಲಿ ರೆಕ್ಕೆಯಾಗಲಿ ಇಲ್ಲದಿದ್ದರೆ ಅದು ಮೀನೇ ಅಲ್ಲ, ಕಡಲ ಹಾವು. ವಿಷ ಭಯಂಕರ. ದೂರದಿಂದಲೇ ದಾರ ಕತ್ತರಿಸಿ. ಹಾವುಮೀನಿಗೆ ಕಿವಿರಿನ ತೂತು ಇರುತ್ತದೆ, ಅದರ ಹೆಚ್ಚಿನ ಜಾತಿಗಳಲ್ಲಿ ಬೆನ್ನ ಮೇಲೆ ಉದ್ದಕ್ಕೂ ರೆಕ್ಕೆ ಓಡಿರುತ್ತದೆ.

ಸುಮ್ನೆ ಹೆದರಿಸುವ ಮೀನುಗಳೂ ಇವೆ. ದೊಡ್ಡದೊಂದು ಪಾಂಬೋಲ್ (ರಿಬ್ಬನ್ ಫಿಶ್) ಸಿಕ್ಕಿದರೆ ಈಗೀಗ 'ಓರ್‌ಫಿಶ್ ಬಂತು, ಸುನಾಮಿ ಬರುತ್ತದೆ' ಅನ್ನುವ ಮೆಸೇಜು ಓಡಾಡುತ್ತದೆ. ಪಾಂಬೋಲ್‌ಗೆ ಬಾಲದ ರೆಕ್ಕೆ ಇಲ್ಲ, ಹೊಟ್ಟೆಯ ರೆಕ್ಕೆಯೂ ಇಲ್ಲ, ಚಾಟಿಯ ತುದಿಯಂತೆ ಮುಗಿಯುತ್ತದೆ, ಬಾಯಲ್ಲಿ ಭರ್ಜರಿ ಹಲ್ಲು. ಓರ್‌ಫಿಶ್‌ಗೆ ಬೆನ್ನುದ್ದಕ್ಕೂ ಕೆಂಪು ರೆಕ್ಕೆ, ತಲೆಯ ಮೇಲೆ ಅದರದ್ದೇ ಜುಟ್ಟು, ಕೆಳಗೆ ಹುಟ್ಟಿನಂತೆ ನೇತಾಡುವ ಎರಡು ಉದ್ದ ಎಳೆ. ನಿಜವಾದ ಓರ್‌ಫಿಶ್ ಬಂದರೂ ಸುನಾಮಿಗೂ ಅದಕ್ಕೂ ಸಂಬಂಧವಿಲ್ಲ. ಜಪಾನಿನವರು ದಾಖಲೆಗಳನ್ನು ಭೂಕಂಪಗಳ ಪಟ್ಟಿಯ ಜೊತೆ ಹೋಲಿಸಿ 2019ರಲ್ಲೇ ಅದನ್ನು ತೋರಿಸಿದ್ದಾರೆ.

ಇನ್ನು ಆ್ಯಪ್‌ಗಳು. ಕೆಟ್ಟವು ಅಂತ ನಾನು ಹೇಳುವುದಿಲ್ಲ, ಅವು ಒಂದು ಊಹೆ ಕೊಡುತ್ತವೆ, ಅದು ಉಪಯೋಗದ್ದೇ. ಆದರೆ ಬಂದ ಹೆಸರನ್ನು ಫಿಶ್‌ಬೇಸ್ ಅನ್ನುವ ಮೀನುಗಳ ಮಾಹಿತಿಯ ವೆಬ್‌ಸೈಟಿನಲ್ಲಿ ಹಾಕಿ, ಆ ಮೀನು ಹಿಂದೂ ಮಹಾಸಾಗರದಲ್ಲಿ ಇದೆಯಾ ಅಂತ ನೋಡುವುದು ಒಂದು ನಿಮಿಷದ ಕೆಲಸ. ಕೆಂಪು ಮೀನು ತೋರಿಸಿದಾಗ ಬರುವ 'ನಾರ್ದರ್ನ್ ರೆಡ್ ಸ್ನ್ಯಾಪರ್' ಅಮೆರಿಕದ ಕಡೆಯ ಅಟ್ಲಾಂಟಿಕ್‌ನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಮಲ್ಪೆಗೆ ಅದು ಈಜಿ ಬಂದಿರುವುದಿಲ್ಲ. ಇದಾದ ಮೇಲೆ ಮುಳ್ಳಿನ ಲೆಕ್ಕ ಹೊಂದುತ್ತದಾ ನೋಡಿ. ಹೊಂದದಿದ್ದರೆ ಬಣ್ಣ ಎಷ್ಟೇ ಹೊಂದಿದರೂ ಆ ಹೆಸರು ಬಿಟ್ಟುಬಿಡಿ.

ಕೆಲವು ಮೀನುಗಳ ವಿಷಯದಲ್ಲಿ ಗುರುತು ಹಿಡಿಯುವುದು ಕಾನೂನಿನ ಮಾತು ಕೂಡ. ತಿಮಿಂಗಿಲ ಶಾರ್ಕ್, ಗರಗಸ ಮೀನು, ಕಡಲ ಕುದುರೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. 2021ರಲ್ಲಿ ಮಲ್ಪೆಯಲ್ಲಿ ಬಲೆಗೆ ಬಿದ್ದ ಗರಗಸ ಮೀನಿನ ಫೋಟೋ ಎಲ್ಲೆಡೆ ಓಡಾಡಿತ್ತು. ನೋಡಲು ಬಂದ ಹೆಚ್ಚಿನವರಿಗೆ ಅದು ಹಿಡಿಯಬಾರದ ಮೀನು ಅನ್ನುವುದು ಗೊತ್ತೇ ಇರಲಿಲ್ಲ ಅಂತ ನನಗನಿಸುತ್ತದೆ. ಗಾಳಕ್ಕೆ ಇಂಥದ್ದು ಸಿಕ್ಕಿದರೆ ಸೆಲ್ಫಿಗೆ ದಡಕ್ಕೆ ಎಳೆಯದೆ ನೀರಿನಲ್ಲೇ ಬಿಡಿಸಿ.

ಇಷ್ಟಾದ ಮೇಲೂ ಹೆಸರು ಸಿಗಲಿಲ್ಲ ಅಂದರೆ ಗೊತ್ತಿರುವವರಿಗೆ ಕಳಿಸಬೇಕು. ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ಇದೆ. ಸಿ.ಎಂ.ಎಫ್.ಆರ್.ಐ., ಅಂದರೆ ಕೇಂದ್ರ ಸರ್ಕಾರದ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರಗಳು ಮಂಗಳೂರು, ಕಾರವಾರ ಎರಡೂ ಕಡೆ ಇವೆ. ಆದರೆ ದಯವಿಟ್ಟು ಕೈಯಲ್ಲಿ ಎತ್ತಿ ಹಿಡಿದು ನಗುತ್ತಿರುವ ಫೋಟೋ ಕಳಿಸಬೇಡಿ. ಅದರಲ್ಲಿ ನಿಮ್ಮ ಹೆಬ್ಬೆರಳು ಸರಿಯಾಗಿ ಬೇಕಾದ ಗುರುತಿನ ಮೇಲೆಯೇ ಇರುತ್ತದೆ. ಒದ್ದೆ ಮಾಡಿದ ಸಮತಟ್ಟು ಜಾಗದಲ್ಲಿ ಮೀನನ್ನು ತಲೆ ಎಡಕ್ಕೆ ಬರುವಂತೆ ಮಲಗಿಸಿ, ರೆಕ್ಕೆಗಳನ್ನು ಬಿಡಿಸಿ, ಪಕ್ಕದಲ್ಲಿ ಒಂದು ಸ್ಕೇಲ್ ಅಥವಾ ನಾಣ್ಯ ಇಟ್ಟು, ನೇರ ಮೇಲಿನಿಂದ ತೆಗೆಯಿರಿ. ಆಮೇಲೆ ಬಾಯಿ, ಕಿವಿರಿನ ಮುಚ್ಚಳ, ಬಾಲದ ಬುಡ, ಹೊಟ್ಟೆ ಒಂದೊಂದು. ಜೀವಂತ ಬಿಡುವುದಿದ್ದರೆ ಎರಡು ಫೋಟೋ ಸಾಕು, ಒಂದು ಪಕ್ಕದ್ದು, ಒಂದು ಹೊಟ್ಟೆಯದ್ದು. ಎಲ್ಲಿ, ಯಾವ ದಿನ, ಎಷ್ಟು ಆಳ, ಏನು ಎರೆ ಹಾಕಿದ್ದು ಅನ್ನುವುದನ್ನೂ ಬರೆದು ಕಳಿಸಿ. ಒಂದು ಜಾತಿ ಹೊಸ ಜಾಗಕ್ಕೆ ಬಂದಿದೆ ಅಂತ ದಾಖಲಿಸಬೇಕಾದರೆ ಮೀನಿನಷ್ಟೇ ಈ ವಿವರವೂ ಬೇಕು.

ಮೀನು ಸತ್ತಿದ್ದರೆ ಐಸಿನಲ್ಲಿಡಿ, ಕರುಳು ತೆಗೆಯಬೇಡಿ. ರೆಕ್ಕೆಯ ತುದಿಯಿಂದ ಉಗುರಿನಷ್ಟು ಚೂರು ಕತ್ತರಿಸಿ ಶುದ್ಧ ಆಲ್ಕೋಹಾಲ್‌ನಲ್ಲಿ ಹಾಕಿಟ್ಟರೆ ಡಿಎನ್ಎ ಬಾರ್‌ಕೋಡಿಂಗ್ ಮಾಡಬಹುದು. ಸಿಒಐ ಅನ್ನುವ ಜೀನಿನ ಸುಮಾರು 650 ಅಕ್ಷರದಷ್ಟು ಭಾಗವನ್ನು ಓದಿ, ಈಗಾಗಲೇ ಗೊತ್ತಿರುವ ಮೀನುಗಳ ಜೊತೆ ಹೋಲಿಸುತ್ತಾರೆ. ಮರಿಯಾಗಲಿ, ಬಣ್ಣ ಹೋದದ್ದಾಗಲಿ, ಬರೀ ತಲೆಯೇ ಉಳಿದಿರಲಿ, ಇದಕ್ಕೆ ವ್ಯತ್ಯಾಸವಿಲ್ಲ. ಹೋಲಿಸಲು ಪಟ್ಟಿಯಲ್ಲಿ ಆ ಜಾತಿಯ ಮಾಹಿತಿ ಇರಬೇಕು ಅಷ್ಟೇ, ಇಲ್ಲದಿದ್ದರೆ ಮತ್ತೆ ಮುಳ್ಳು ಎಣಿಸಲು ಕೂರುತ್ತಾರೆ. ಚೂರನ್ನು ಫಾರ್ಮಲಿನ್‌ಗೆ ಮಾತ್ರ ಹಾಕಬೇಡಿ, ಡಿಎನ್ಎ ಕೆಡುತ್ತದೆ.